ಮಾತು ನಿಂತರೆ ಕೊಕ್ಕೆ ನಿಲ್ಲುತ್ತದೆ

"ಹಾಲಿನವನು ದಿನಾ ಬರ್ತಾನೆ. ಇದನ್ನ ಇಂಗ್ಲಿಷಲ್ಲಿ ಹೇಳು, ಆಮೇಲೆ ಬಕೆಟ್ ಬಿಡ್ತೀನಿ," ಎಂದಳು ಅಕ್ಕ, ಎರಡನೆಯ ಮಹಡಿಯ ಬಾಲ್ಕನಿಯಿಂದ ಅರ್ಧ ಮೈ ಹೊರಚಾಚಿ.

ಕೆಳಗೆ ಅಂಗಳದಲ್ಲಿ ಈರುಳ್ಳಿ ಚೀಲ ತಬ್ಬಿಕೊಂಡು ನಿಂತಿದ್ದ ತಮ್ಮ ಕತ್ತೆತ್ತಿ ನೋಡಿದ. ಕೆಲಸ ಮುಗಿಸಿ ಬಂದವನು ತಲೆಯ ಮೇಲಿನ ಹೆಲ್ಮೆಟ್ ಸಹ ಇನ್ನೂ ತೆಗೆದಿರಲಿಲ್ಲ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೇಲಿನ ಮನೆಗಳವರೆಲ್ಲ ಬಾಲ್ಕನಿಯ ಕಂಬಿಗೆ ಹಗ್ಗ ಕಟ್ಟಿ, ಹಗ್ಗಕ್ಕೆ ಬಕೆಟ್ ಕಟ್ಟಿ, ಸಾಮಾನನ್ನು ಹಾಗೇ ಮೇಲೆಳೆದುಕೊಳ್ಳುತ್ತಾರೆ.

"ಮಿಲ್ಕ್‌ಮ್ಯಾನ್ ಈಸ್ ಕಮ್ಸ್," ಎಂದ ತಮ್ಮ.

"ಈಸೂ ಬೇಕು, ಎಸ್ಸೂ ಬೇಕು. ಒಂದು ತಲೆಗೆ ಎರಡು ಟೋಪಿ ಹಾಕ್ತೀಯೇನೋ?"

"ನನ್ನ ತಲೆಗೆ ಈ ಹೆಲ್ಮೆಟ್ಟೇ ಭಾರ ಆಗಿದೆ. ಬಕೆಟ್ ಬಿಡಕ್ಕ, ಕೈ ನೋಯ್ತಿದೆ."

"ನೋಯ್ಲಿ. ಕೇಳು. ದಿನಾ ಬರೋನು ಕಮ್ಸ್. ಈಗ ಮೆಟ್ಟಿಲು ಹತ್ತುತ್ತಾ ಇರೋನು ಈಸ್ ಕಮಿಂಗ್. ಅಭ್ಯಾಸಕ್ಕೆ ಕಮ್ಸ್. ಚಪ್ಪಲಿ ಸದ್ದು ಕಿವಿಗೆ ಬೀಳ್ತಾ ಇದ್ರೆ ಮಾತ್ರ ಕಮಿಂಗ್. ತಿಳೀತಾ?"

"ತಿಳೀತು. ಹಾಲಿನವನು ಕಮ್ಸ್. ಭಾನುವಾರ ನಾಟ್ ಕಮ್ಸ್."

ಪಕ್ಕದ ಮನೆಯ ಕಿಟಕಿಯೊಳಗೆ ಯಾರೋ ಕಿಸಕ್ಕನೆ ನಕ್ಕರು. ಈ ಪಾಠ ಶುರುವಾದಾಗಿನಿಂದ ಆ ಕಿಟಕಿ ಸಂಜೆ ಹೊತ್ತು ಮುಚ್ಚಿದ್ದೇ ಇಲ್ಲ.

"ಡಸ್ ನಾಟ್ ಕಮ್," ಎಂದು ಅಕ್ಕ ಕಿಟಕಿಗೂ ಸೇರಿಸಿ ಹೇಳಿದಳು. "ಎಸ್ಸು ಡಸ್ಸಿನ ಮನೆಗೆ ಹೋದ ಮೇಲೆ ಕಮ್ಮಿನ ಮನೇಲಿ ಇರಲ್ಲ. ಇರೋದು ಒಂದೇ ಎಸ್ಸು, ಎರಡು ಮನೇಲಿ ಊಟ ಮಾಡಲ್ಲ."

"ನಂಗಿಂತ ಮರ್ಯಾದಸ್ತ," ಎಂದ ತಮ್ಮ. ಅವನು ಮದುವೆಯಾದವನಲ್ಲ. ವಾಸ ನೆಲಮಹಡಿಯ ಒಂಟಿ ಕೋಣೆಯಲ್ಲಾದರೂ ಊಟ ಅಕ್ಕನ ಮನೆಯಲ್ಲೇ. ಆಗಾಗ ಕಿಟಕಿಯವರ ಮನೆಯಲ್ಲೂ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತಳಾದವಳು. ಅವಳ ಇಂಗ್ಲಿಷ್ ಶಾಲೆಯದ್ದಲ್ಲ, ತಂತಿಯದ್ದು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಣದ ಜನರ ಸಿಟ್ಟು, ಅಳು, ಅವಸರ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಕಲಿತದ್ದು. ಹಾಗಾಗಿ ಅವಳಿಗೆ ವ್ಯಾಕರಣದ ಹೆಸರುಗಳು ಗೊತ್ತಿಲ್ಲ, ತಪ್ಪು ಮಾತ್ರ ಕಿವಿಗೆ ಕಲ್ಲಿನಂತೆ ಸಿಗುತ್ತದೆ.

ತಮ್ಮನಿಗೆ ಈ ವಯಸ್ಸಿನಲ್ಲಿ ಇಂಗ್ಲಿಷ್ ಯಾಕೆ ಅಂದರೆ, ಅವನ ಕೆಲಸ ಉಳಿಯಬೇಕು, ಅದಕ್ಕೆ. ದೊಡ್ಡ ಕಟ್ಟಡ ಏಳುತ್ತಿರುವ ಸೈಟಿನಲ್ಲಿ ಅವನು ಕ್ರೇನಿನ ಸಿಗ್ನಲ್‌ಮ್ಯಾನ್. ಕ್ರೇನಿನ ತುದಿಯಲ್ಲಿ, ಹಕ್ಕಿಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ಅದನ್ನು ನಡೆಸುವವನು ಅಕ್ಕನ ಮಗ, ಅಂದರೆ ಇವನ ಅಳಿಯ. ಮೇಲೆ ಕೂತವನಿಗೆ ಗೋಡೆಯ ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಕೊಕ್ಕೆಗೆ ನೇತುಬಿದ್ದ ಲೋಡು ಎಲ್ಲಿ ಇಳಿಯುತ್ತಿದೆ ಎಂದು ಕೆಳಗಿನಿಂದ ಮಾವ ವಾಕಿಟಾಕಿಯಲ್ಲಿ ಹೇಳಬೇಕು. ಇಷ್ಟು ವರ್ಷ "ಬರ್ಲಿ, ಬರ್ಲಿ, ಬರ್ಲಿ, ಸಾಕು" ಎಂದು ಹೇಳಿಯೇ ಸಾಗಿತ್ತು. ಸೈಟಿನವರು ಅವನನ್ನು ಕರೆಯುವುದೂ ಬರ್ಲಿ ಮಾಮ ಎಂದೇ. ಈಗ ಸೈಟು ಹೊಸ ಕಂಪನಿಯ ಕೈಗೆ ಹೋಗಿ, ನಾನಾ ಭಾಷೆಯ ಕೆಲಸಗಾರರು ಬಂದಿದ್ದರು. ವಾಕಿಟಾಕಿಯಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಇಂಗ್ಲಿಷಿನಲ್ಲೇ ಮಾತಾಡಬೇಕು, ಅದಕ್ಕೊಂದು ಪರೀಕ್ಷೆ, ಪಾಸಾಗದವರಿಗೆ ಸ್ಟೋರಿನಲ್ಲಿ ಕೆಲಸ ಎಂದು ಅಪ್ಪಣೆಯಾಗಿತ್ತು.

ಮಾವ ಸ್ಟೋರಿಗೆ ಹೋದರೆ ಅಳಿಯನ ಕಿವಿಯಲ್ಲಿ ಬೇರೆ ಯಾರದೋ ದನಿ ಇರುತ್ತದೆ. "ಬೇರೆಯವರ ದನಿಗೆ ನನ್ನ ಕೈ ಓಡಲ್ಲಮ್ಮ," ಎಂದು ಮಗ ಹೇಳಿದ ದಿನವೇ ಅಕ್ಕ ಬಾಲ್ಕನಿಗೆ ಬಂದು ನಿಂತಿದ್ದಳು.

"ಸರಿ, ಬಕೆಟ್ ಬಿಡ್ತೀನಿ. ಏನು ನಡೀತಿದೆ ಅಂತ ಹೇಳ್ತಾ ಇರು."

ಹಗ್ಗ ಸಡಿಲವಾಯಿತು.

"ಬಕೆಟ್ ಈಸ್ ಕಮಿಂಗ್," ಎಂದ ತಮ್ಮ. "ಬಕೆಟ್ ಈಸ್ ಕಮಿಂಗ್ ಡೌನ್. ಇಟ್ ಈಸ್... ಇಟ್..." ಗಾಳಿಗೆ ಬಕೆಟ್ ಪಕ್ಕಕ್ಕೆ ಓಲಾಡಿತು. ಓಲಾಡುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಹುಡುಕುತ್ತ ಅವನು ಬಾಯಿ ತೆರೆದುಕೊಂಡೇ ನಿಂತ.

"ಸುಮ್ನಿರಬೇಡ!" ಎಂದು ಅಕ್ಕ ಹಗ್ಗ ಬಿಡುತ್ತಲೇ ಕೂಗಿದಳು. "ಪದ ಸಿಗದಿದ್ರೆ ಟ್ರೈಯಿಂಗ್ ಅನ್ನು. ಟ್ರೈಯಿಂಗ್, ಟ್ರೈಯಿಂಗ್. ಆ ಕಡೆ ಇರೋರಿಗೆ ನೀನು ಇದ್ದೀಯ ಅಂತ ತಿಳೀಬೇಕು. ಲೈನಲ್ಲಿ ಮಾತು ನಿಂತ್ರೆ ಲೈನು ಸತ್ತಂಗೆ!"

ಬಕೆಟ್ ಟಣ್ಣೆಂದು ಅವನ ಹೆಲ್ಮೆಟ್ಟಿನ ಮೇಲೆ ಕೂತಿತು.

"ಬಕೆಟ್ ಬಂತು," ಎಂದ ತಮ್ಮ ಅಪ್ಪಟ ಕನ್ನಡದಲ್ಲಿ. ಕಿಟಕಿಯವರಿಗೆ ಆ ಸಂಜೆಗೆ ಅಷ್ಟು ಸಾಕಾಯಿತು.

*

ಕ್ರೇನಿನ ಮಾವ–ಅಳಿಯರ ನಡುವೆ ಒಂದು ಕಟ್ಟಳೆಯಿತ್ತು. ಅದನ್ನು ಯಾರೂ ಬರೆದುಕೊಟ್ಟದ್ದಲ್ಲ. ಮಾವನ ದನಿ ಕೇಳುತ್ತಿರುವಷ್ಟು ಹೊತ್ತು ಅಳಿಯ ಕೊಕ್ಕೆ ಇಳಿಸುತ್ತಾನೆ. ದನಿ ನಿಂತಿತೋ, ಕೈ ನಿಂತಿತು. ವಾಕಿಟಾಕಿ ಕೆಡಲಿ, ಮಾವನಿಗೆ ಕೆಮ್ಮು ಬರಲಿ, ಏನೇ ಆಗಲಿ, ಮಾತಿಲ್ಲ ಎಂದರೆ ಚಲನೆಯಿಲ್ಲ. ಅಳಿಯ ಅಂಬೆಗಾಲು ಬಿಟ್ಟು ನಡೆಯಲು ಕಲಿತದ್ದೂ ಹೀಗೇ ಎಂದು ಅಕ್ಕ ಹೇಳುವುದುಂಟು. ಭಾವ ತೀರಿಕೊಂಡ ವರ್ಷ ಅದು. ಕೋಣೆಯ ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಾವ "ಬಾ, ಬಾ, ಬಾ" ಎನ್ನುತ್ತಿದ್ದರೆ ಮಗು ಬರುತ್ತಿತ್ತು, ಅವನು ಸುಮ್ಮನಾದರೆ ನಿಂತುಬಿಡುತ್ತಿತ್ತು.

ಇಂಗ್ಲಿಷ್ ಬಂದ ಮೇಲೆ ಈ ಕಟ್ಟಳೆಗೆ ಪೇಚು ಬಂತು. ಪದ ಹುಡುಕಲು ಮಾವ ಒಂದು ಕ್ಷಣ ತಡೆದರೆ ಸಾಕು, ಆಕಾಶದಲ್ಲಿ ಲೋಡು ಗಕ್ಕನೆ ನಿಲ್ಲುತ್ತಿತ್ತು. ಪದ ಸಿಕ್ಕಿದ ಮೇಲೆ ಒಂದಿಷ್ಟು ಇಳಿಯುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಇವನ ತಲೆಯೊಳಗಿನ ಈಸು–ಎಸ್ಸುಗಳ ಜಗಳ ಇಡೀ ಸೈಟಿಗೆ ಕಾಣುವಂತಾಯಿತು.

"ಏನ್ ಬರ್ಲಿ ಮಾಮ, ಲೋಡಿಗೆ ಬಿಕ್ಕಳಿಕೆ ಬಂದಿದ್ಯಾ?" ಎಂದು ಗಾರೆಯವರು ರೇಗಿಸುತ್ತಿದ್ದರು. "ಸ್ವಲ್ಪ ನೀರು ಕುಡಿಸಿ."

ಅವತ್ತು ಕೊಕ್ಕೆಯಲ್ಲಿ ಇದ್ದದ್ದು ಪೈಪಿನ ಕಟ್ಟು. ಇಳಿಯಬೇಕಾದದ್ದು ಎರಡು ಗೋಡೆಗಳ ನಡುವಿನ ಓಣಿಯಂಥ ಜಾಗಕ್ಕೆ. ಮಾವ ಗೋಡೆಗೆ ಬೆನ್ನು ಕೊಟ್ಟು, ವಾಕಿಟಾಕಿಯ ಗುಂಡಿ ಒತ್ತಿ ಶುರುಮಾಡಿದ.

"ಪೈಪ್ಸ್ ಈಸ್ ಕಮಿಂಗ್... ಪೈಪ್ಸ್..."

ಒಂದಾದರೆ ಈಸ್, ಹಲವಾದರೆ ಆರ್ ಎಂದು ಅಕ್ಕ ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದಳು. ಪೈಪೇನೋ ಹಲವು. ಆದರೆ ಕಟ್ಟು ಒಂದೇ. ಇಳಿಯುತ್ತಿರುವುದು ಕಟ್ಟೋ ಪೈಪೋ? ಈ ಧರ್ಮಸಂಕಟದಲ್ಲಿ ಅವನ ನಾಲಿಗೆ ಬಾಲ್ಕನಿಯ ಕೆಳಗೆ ಕಲಿತದ್ದನ್ನು ತಾನಾಗಿಯೇ ಮಾಡಿಬಿಟ್ಟಿತು.

"ಟ್ರೈಯಿಂಗ್," ಎಂದಿತು ನಾಲಿಗೆ. "ಟ್ರೈಯಿಂಗ್... ಟ್ರೈಯಿಂಗ್... ಟ್ರೈಯಿಂಗ್..."

ದನಿ ಕೇಳುತ್ತಿದೆ, ಸರಿ, ಅಳಿಯ ಇಳಿಸುತ್ತಲೇ ಇದ್ದ. ಓಣಿಯ ನಡುವೆ ಯಾರೋ ಬಿಟ್ಟುಹೋಗಿದ್ದ ತಳ್ಳುಗಾಡಿ ಮಾವನ ಕಣ್ಣಿಗೆ ಬಿತ್ತು. ಕಟ್ಟು ಅದರ ನೆತ್ತಿಗೇ ಬರುತ್ತಿತ್ತು. ಅವನು ಎಡಗೈಯಿಂದ ತನ್ನ ಬಾಯಿಯನ್ನೇ ಗಬಕ್ಕನೆ ಮುಚ್ಚಿಕೊಂಡ. ತುಸು ತಡವಾಗಿತ್ತು. ತಳ್ಳುಗಾಡಿ ಅಪ್ಪಚ್ಚಿಯಾಗಿ, ಅದರ ಚಕ್ರ ಮಾತ್ರ ಬಿಡಿಸಿಕೊಂಡು ಓಣಿಯ ತುದಿಯವರೆಗೆ ಉರುಳುತ್ತ ಹೋಗಿ ಮಗ್ಗುಲಾಯಿತು.

ಸೂಪರ್‌ವೈಸರ್ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಬೈಯುವ ಮನುಷ್ಯನಲ್ಲ.

"ಗಾಡಿ ಹೋದ್ರೆ ಹೋಗ್ಲಿ ಮಾಮ," ಎಂದ. "ಯಾರಿಗೂ ಏನೂ ಆಗ್ಲಿಲ್ವಲ್ಲ. ಆದ್ರೆ ನಾಳಿದ್ದು ಪರೀಕ್ಷೆಗೆ ಕಂಪನಿಯ ಮೇಡಂ ಬರ್ತಿದ್ದಾರೆ. ಅವರ ಮುಂದೆ ಹಿಂಗಾದ್ರೆ ನನ್ನ ಕೈಲಿ ಏನೂ ಇಲ್ಲ. ಸ್ಟೋರಲ್ಲಿ ನಟ್ಟು ಒಂದು ಕಡೆ, ಬೋಲ್ಟು ಒಂದು ಕಡೆ ಮಾಡ್ಕೊಂಡು ಕೂತಿರಬೇಕಾಗುತ್ತೆ."

ಅಳಿಯ ಏಣಿಯಿಳಿದು ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. "ಮಾಮ, ಏನದು ಟ್ರೈಯಿಂಗು? ನೀನು ಮಾತಾಡ್ತಿದ್ದೆ, ನಾನು ಬಿಡ್ತಿದ್ದೆ."

"ಅದು ನನ್ನ ಮಾತಲ್ಲ ಕಣೋ," ಎಂದ ಮಾವ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಳ್ಳುತ್ತ. "ನಿಮ್ಮಮ್ಮಂದು."

*

ರಾತ್ರಿಯೂಟಕ್ಕೆ ಕೂತಾಗ ಮೂವರ ನಡುವೆ ತಳ್ಳುಗಾಡಿಯೂ ಬಂದು ಕೂತಿತ್ತು.

"ನಾನು ಕಲಿಸಿದ್ದು ತಪ್ಪಲ್ಲ," ಎಂದಳು ಅಕ್ಕ, ಬಡಿಸುವ ಸೌಟನ್ನು ಕೆಳಗಿಡದೆ. "ಇಡೀ ಜೀವನ ನಾನು ಹಂಗೇ ಕೆಲಸ ಮಾಡಿದ್ದೀನಿ. ಆ ಕಡೆ ಒಬ್ರು ಮಗಳ ಹೆರಿಗೆ ಆಯ್ತಾ ಅಂತ ತಿಳ್ಕೊಳೋಕೆ ಕಾಯ್ತಿರ್ತಾರೆ. ಲೈನು ಸಿಗ್ತಿರಲ್ಲ. ಸುಮ್ನೆ ಕೂತ್ರೆ ಅವರಿಗೆ ಜೀವ ಹೋದಂಗಾಗುತ್ತೆ. ಟ್ರೈಯಿಂಗ್ ಯುವರ್ ನಂಬರ್, ಹೋಲ್ಡ್ ದ ಲೈನ್ ಪ್ಲೀಸ್ ಅಂತಾನೇ ಇರಬೇಕು. ದನಿ ಕೇಳ್ತಿದ್ರೆ ಮನುಷ್ಯ ತಡ್ಕೋತಾನೆ."

"ನಿನ್ನ ಕೊಕ್ಕೇಲಿ ಏನು ನೇತಾಡ್ತಿತ್ತಕ್ಕ?"

"ಅಂದ್ರೆ?"

"ನೀನು ಟ್ರೈಯಿಂಗ್ ಅಂದ್ರೆ ಯಾರ ತಲೆ ಮೇಲೂ ಏನೂ ಬೀಳ್ತಿರಲಿಲ್ಲ. ನಿಮ್ಮಲ್ಲಿ ಮಾತು ನಿಂತ್ರೆ ಲೈನು ಸಾಯುತ್ತೆ. ನಮ್ಮಲ್ಲಿ ಮಾತು ನಿಲ್ಲದಿದ್ರೆ ಮನುಷ್ಯ ಸಾಯ್ತಾನೆ."

ಅಕ್ಕ ಸೌಟನ್ನು ಪಾತ್ರೆಯೊಳಕ್ಕೆ ಬಿಟ್ಟಳು.

"ಹಂಗಾದ್ರೆ ನನ್ನ ಇಂಗ್ಲಿಷು ಮನುಷ್ಯರನ್ನ ಕೊಲ್ಲೋ ಇಂಗ್ಲಿಷು."

"ನಾನೆಲ್ಲಿ ಹಂಗಂದೆ?"

"ಅನ್ಬೇಕಾ? ನಾಳೆಯಿಂದ ನಿನ್ನ ಈರುಳ್ಳಿ ನೀನೇ ಹೊತ್ಕೊಂಡು ಬಾ. ಬಕೆಟ್ಟಿಲ್ಲ, ಪಾಠ ಇಲ್ಲ."

"ಅಮ್ಮ, ಮಾಮ ಹೇಳಿದ್ದು ಅದಲ್ಲ..."

"ನೀನು ಸುಮ್ನಿರೋ. ನಿನಗೆ ನಿಮ್ಮ ಮಾವನ ದನಿಯೊಂದೇ ತಾನೇ ಕಿವಿಗೆ ಬೀಳೋದು."

ಮಾತಿನ ಮಲ್ಲಿಯೆಂದು ಹೆಸರಾದವಳು ಅಕ್ಕ. ಮರುದಿನವಿಡೀ ಅವಳು ಬಾಯಿಬಿಡಲಿಲ್ಲ. ಸಂಜೆ ತಮ್ಮ ಬಾಲ್ಕನಿಯ ಕೆಳಗೆ ನಿಂತು ಎರಡು ಸಲ ಕೆಮ್ಮಿದ. ಬಕೆಟ್ ಕಂಬಿಯ ಮೇಲೆ ಬೋರಲಾಗಿಯೇ ಇತ್ತು. ಕಿಟಕಿಯವರು ತಲೆ ಹೊರಗೆ ಹಾಕಿ, "ಇವತ್ತು ಕ್ಲಾಸ್ ಇಲ್ವಾ?" ಎಂದು ಕೇಳಿದರು.

"ಟೀಚರ್ ಈಸ್ ನಾಟ್ ಕಮಿಂಗ್," ಎಂದ ಅವನು.

ಮೇಲೆ ಒಳಕೋಣೆಯಲ್ಲಿದ್ದ ಅಕ್ಕನಿಗೆ ಅದು ಕೇಳಿಸಿತು. ಸರಿಯಾಗಿಯೇ ಇತ್ತು. ಅದು ಸರಿಯಾಗಿದ್ದದ್ದೇ ಅವಳಿಗೆ ಇನ್ನಷ್ಟು ಚುಚ್ಚಿತು.

*

ಪರೀಕ್ಷೆಯ ಬೆಳಿಗ್ಗೆ ತಮ್ಮ ಮೇಲೆ ಬಾರದೆ ಹಾಗೇ ಸೈಟಿಗೆ ಹೋಗಿಬಿಟ್ಟ. ಅವನ ಊಟದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿಯಿತು. ಅಕ್ಕ ಅದನ್ನು ನೋಡಿದಳು, ಮುಚ್ಚಳ ಗಟ್ಟಿಮಾಡಿದಳು, ಇದ್ದಲ್ಲೇ ಇಟ್ಟಳು, ಮತ್ತೆ ಎತ್ತಿಕೊಂಡಳು. ಸಿಟ್ಟು ಸಿಟ್ಟಿನ ಜಾಗದಲ್ಲಿರಲಿ, ಹೊಟ್ಟೆ ಏನು ಮಾಡಿತು? ಮಂಡಿ ನೋವಿಗೆ ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಹಾಕುತ್ತ ಕೆಳಗಿಳಿದು ಸೈಟಿನ ದಾರಿ ಹಿಡಿದಳು.

ಗೇಟಿನ ಪಕ್ಕ ಕಾವಲುಗಾರನ ಪುಟ್ಟ ಕೋಣೆ. ಪ್ಲೈವುಡ್ಡಿನ ಒಂದು ಗೋಡೆಯಾಚೆ ಸೈಟಿನ ಆಫೀಸು. ಕಾವಲುಗಾರ ಹಣ್ಣುಹಣ್ಣು ಮುದುಕ, ಮಾತಿಗೆ ಹಸಿದವನು.

"ಬರ್ಲಿ ಮಾಮನ ಅಕ್ಕನವರಾ? ಕೂತ್ಕೊಳ್ಳಿ ಅಮ್ಮಾ, ಕೂತ್ಕೊಳ್ಳಿ. ಒಳಗೆ ಬಿಡೋ ಹಂಗಿಲ್ಲ, ಹೆಲ್ಮೆಟ್ ಇಲ್ದೋರನ್ನ ಬಿಟ್ರೆ ನನ್ನ ತಲೆ ಹೋಗುತ್ತೆ. ಡಬ್ಬಿ ಇಲ್ಲಿರ್ಲಿ. ನಿಮ್ಮ ತಮ್ಮ ಈಗ ತಾನೆ ಒಳಗೆ ಹೋದ್ರು, ಮೇಡಂ ಹತ್ರ."

ಅವನು ಹೇಳುವುದೇ ಬೇಕಿರಲಿಲ್ಲ. ಪ್ಲೈವುಡ್ಡಿನಾಚೆಯಿಂದ ಎಲ್ಲವೂ ಕೇಳುತ್ತಿತ್ತು.

"ವಾಟ್ ಡು ಯೂ ಡು?" ಎಂದಿತು ಒಂದು ಹೆಂಗಸಿನ ದನಿ. ಕಠಿಣವಾದ ದನಿಯಲ್ಲ. ಅಕ್ಕ ದನಿಗಳನ್ನು ಬಲ್ಲವಳು. ಇದು ಕುರ್ಚಿ ಎಳೆದು ಕೊಡುವಂಥ ದನಿ.

"ಐ ಆಮ್ ಡೂಯಿಂಗ್ ಸಿಗ್ನಲ್," ಎಂದಿತು ತಮ್ಮನ ದನಿ.

"ಡು, ಡು," ಎಂದು ಅಕ್ಕನ ತುಟಿಗಳು ಗೋಡೆಯ ಈಚೆ ಅಲುಗಿದವು. "ದಿನಾ ಮಾಡೋ ಕೆಲಸ ಕಣೋ. ಹಾಲಿನವನು!"

"ಆಂಡ್ ವಾಟ್ ಆರ್ ಯೂ ಡೂಯಿಂಗ್ ನೌ?"

ಆಚೆ ಮಾತಿಲ್ಲ. ಅಕ್ಕ ಗೋಡೆಯತ್ತ ಬಾಗಿದಳು. ಕೂತಿದ್ದೀನಿ ಅನ್ನು, ಮಾತಾಡ್ತಿದ್ದೀನಿ ಅನ್ನು, ಏನಾದರೂ ಅನ್ನು.

"ನೌ, ಮೇಡಂ?" ಎಂದ ತಮ್ಮ ಕೊನೆಗೆ. "ನೌ ಐ ಆಮ್ ಸ್ವೆಟಿಂಗ್."

ಮೇಡಂ ನಕ್ಕದ್ದು ಗೋಡೆ ದಾಟಿ ಬಂತು. ಕಾವಲುಗಾರನಿಗೆ ಅರ್ಥವಾಗಲಿಲ್ಲವಾದರೂ ಅವನೂ ನಕ್ಕ. "ಪಾಸಾದ್ರೇನಮ್ಮಾ?"

"ಅರ್ಧ," ಎಂದಳು ಅಕ್ಕ. "ಈಗಿಂದು ಬಂತು. ದಿನಾದು ಬರ್ಲಿಲ್ಲ."

ಆಮೇಲೆ ಕುರ್ಚಿಗಳ ಸದ್ದು, ಬೂಟುಗಳ ಸದ್ದು. ಮೇಡಂ, ಸೂಪರ್‌ವೈಸರ್, ತಮ್ಮ, ಮೂವರೂ ಹೆಲ್ಮೆಟ್ ಹಾಕಿಕೊಂಡು ಓಣಿಯಂಥ ಆ ಗೋಡೆಗಳ ಕಡೆ ನಡೆದದ್ದು ಗೇಟಿನ ಕೋಣೆಯ ಕಿಟಕಿಯಿಂದ ಕಾಣಿಸಿತು. ತಮ್ಮ ತಿರುಗಿ ನೋಡಲಿಲ್ಲ. ಅವನ ಅಂಗಿಯ ಬೆನ್ನು ತೊಯ್ದಿತ್ತು. ಸುಳ್ಳು ಹೇಳಿರಲಿಲ್ಲ ಅವನು.

"ಇನ್ನು ಇದರಲ್ಲಿ ಕೇಳಿ," ಎಂದು ಕಾವಲುಗಾರ ಮೇಜಿನ ಮೇಲಿದ್ದ ವಾಕಿಟಾಕಿಯನ್ನು ಅವಳ ಮುಂದಕ್ಕೆ ಸರಿಸಿದ. "ನಂಗೆ ಇದೇ ರೇಡಿಯೋ. ದಿನವೆಲ್ಲ ನಿಮ್ಮ ತಮ್ಮನ ಕಾರ್ಯಕ್ರಮ."

ಅಕ್ಕ ಆ ಕಪ್ಪು ಡಬ್ಬಿಯನ್ನು ನೋಡಿದಳು. ಮಗ ಮತ್ತು ತಮ್ಮ ಕೆಲಸದಲ್ಲಿ ಹೇಗೆ ಮಾತಾಡುತ್ತಾರೆಂದು ಇಷ್ಟು ವರ್ಷದಲ್ಲಿ ಒಂದು ದಿನವೂ ಅವಳು ಕೇಳಿರಲಿಲ್ಲ. ಕಿಟಕಿಯಿಂದ ಕ್ರೇನಿನ ಕೈ ಕಾಣುತ್ತಿತ್ತು, ಅದರ ತುದಿಯಿಂದ ನೀರಿನ ದೊಡ್ಡ ಟ್ಯಾಂಕೊಂದು ತೂಗುತ್ತಿತ್ತು. ಮಗನ ಕ್ಯಾಬಿನ್ನು ಬೆಂಕಿಪೊಟ್ಟಣದಷ್ಟು.

ಡಬ್ಬಿ ಕರಕರ ಎಂದಿತು.

"ಟ್ಯಾಂಕ್ ಈಸ್ ಕಮಿಂಗ್. ಇಟ್ ಈಸ್ ಕಮಿಂಗ್ ಡೌನ್. ಕಮಿಂಗ್, ಕಮಿಂಗ್, ಕಮಿಂಗ್..."

ಟ್ಯಾಂಕು ಇಳಿಯತೊಡಗಿತು. ದನಿಗೂ ಟ್ಯಾಂಕಿಗೂ ನಡುವೆ ಹಗ್ಗ ಕಟ್ಟಿದಂತೆ ಇಳಿಯಿತು. ದನಿ ನಿಧಾನವಾದರೆ ಅದೂ ನಿಧಾನ. ಬಿಕ್ಕಳಿಕೆಯಿಲ್ಲ, ತಡವರಿಕೆಯಿಲ್ಲ. ಟ್ಯಾಂಕು ಒಂದೇ ಒಂದು. ಈಸೋ ಆರೋ ಎಂಬ ಜಗಳವೂ ಇಲ್ಲ. ಮೇಲಿನಿಂದ ಮಗ ಒಂದು ಮಾತೂ ಆಡುವುದಿಲ್ಲ. ಅವನ ಉತ್ತರವೆಲ್ಲ ಟ್ಯಾಂಕಿನ ಇಳಿತದಲ್ಲಿ. ಬಾ, ಬಾ, ಬಾ ಎಂದು ಕೋಣೆಯ ತುದಿಯಿಂದ ಕರೆಯುತ್ತಿದ್ದ ಅದೇ ದನಿ. ಭಾಷೆ ಮಾತ್ರ ಬೇರೆ ಅಂಗಿ ಹಾಕಿಕೊಂಡಿತ್ತು.

"ಕಮಿಂಗ್, ಕಮಿಂಗ್, ಇಟ್ ಈಸ್ ಕಮ್..."

ದನಿ ನಿಂತಿತು.

ಟ್ಯಾಂಕೂ ನಿಂತಿತು. ಅರ್ಧ ಗೋಡೆಯ ಮರೆಗೆ ಹೋಗಿ, ಅರ್ಧ ಹೊರಗುಳಿದು, ಬಿಸಿಲಿನಲ್ಲಿ ಮೆಲ್ಲಗೆ ತೂಗುತ್ತ.

ಅಕ್ಕನ ಬೆನ್ನು ತಾನಾಗಿ ನೆಟ್ಟಗಾಯಿತು. ಲೈನಿನಲ್ಲಿ ಮಾತು ನಿಂತಿತ್ತು. ಯಾವ ಲೈನಿನಲ್ಲೂ ಇಷ್ಟು ಹೊತ್ತು ಮಾತು ನಿಲ್ಲಲು ಅವಳು ಬಿಟ್ಟವಳಲ್ಲ. ಪದ ಮರೆತನೇ? ಅವಳ ಕೈ ಮೇಜಿನ ಮೇಲೆ ತೆವಳಿ ವಾಕಿಟಾಕಿಯ ಹತ್ತಿರ ಬಂತು. ಎಕ್ಸ್‌ಚೇಂಜಿನಲ್ಲಿ ದುಡಿದ ಹೆಬ್ಬೆರಳಿಗೆ ಅಂಥ ಗುಂಡಿಗಳ ಗುರುತು ಚೆನ್ನಾಗಿತ್ತು. ಒಂದೇ ಒಂದು ಸಲ ಒತ್ತಿ, "ಟ್ರೈಯಿಂಗ್, ಹೋಲ್ಡ್ ದ ಲೈನ್" ಎಂದರೆ ಆ ಕಡೆಯವರಿಗೆ ಧೈರ್ಯ ಬರುತ್ತದೆ.

ಆ ಕಡೆ ಇರುವವನು ಮಗ. ಅವನ ಕೈಯಲ್ಲಿ ಟ್ಯಾಂಕು.

ಅಕ್ಕ ಕೈ ಹಿಂದೆಳೆದುಕೊಂಡು ತೊಡೆಯ ಕೆಳಗಿಟ್ಟು, ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತಳು.

"ಲೈನ್ ಹೋಯ್ತೇನಮ್ಮಾ?" ಎಂದ ಕಾವಲುಗಾರ. "ಈ ಡಬ್ಬಿ ಆಗಾಗ ಹಿಂಗೇ ಮಾಡುತ್ತೆ. ತಡೀರಿ, ಹಲೋ ಅಂತೀನಿ, ಸರಿಹೋಗುತ್ತೆ." ಅವನು ವಾಕಿಟಾಕಿ ಎತ್ತಿಕೊಂಡು ಬಾಯಿಯ ಹತ್ತಿರ ತಂದ.

ಅಕ್ಕನ ಇನ್ನೊಂದು ಕೈ ಚಂಗನೆ ಎದ್ದು ಅವನ ಮಣಿಕಟ್ಟು ಹಿಡಿಯಿತು.

"ಗುಂಡಿ ಒತ್ತಬೇಡಿ!"

"ಅಲ್ಲಮ್ಮಾ, ಲೈನು ಸತ್ತಿದೆ..."

"ಸತ್ತಿಲ್ಲ ಕಣಪ್ಪಾ," ಎಂದಳು ಅಕ್ಕ. ಹಿಡಿತ ಸಡಿಲಿಸಲಿಲ್ಲ. "ಅದು ನಿಲ್ಲಿಸಿರೋ ಲೈನು. ಅವನು ಬೇಕು ಅಂತಾನೇ ಸುಮ್ನಿದ್ದಾನೆ. ನೀವೂ ಸುಮ್ನಿರಿ."

ಇಬ್ಬರು ಮುದುಕರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಒಂದು ಡಬ್ಬಿಯ ಮೌನವನ್ನು ಕೇಳುತ್ತ ಕೂತರು. ಆಚೆ ಯಾವುದೋ ಕೊರೆಯುವ ಯಂತ್ರ ಕೂಗಿ ನಿಂತಿತು. ಟ್ಯಾಂಕು ತೂಗುವುದನ್ನೂ ಬಿಟ್ಟು ನೆಟ್ಟಗಾಯಿತು.

"ಓಕೆ," ಎಂದಿತು ಡಬ್ಬಿ, ಯಾವ ಅವಸರವೂ ಇಲ್ಲದೆ. "ಇಟ್ ಈಸ್ ಕಮಿಂಗ್. ಕಮಿಂಗ್, ಕಮಿಂಗ್, ಕಮಿಂಗ್. ಸ್ಟಾಪ್."

ಟ್ಯಾಂಕು ಗೋಡೆಯ ಮರೆಗೆ ಪೂರ್ತಿ ಇಳಿಯಿತು. ಕೊಕ್ಕೆ ಮಾತ್ರ ಹಗುರವಾಗಿ ಮೇಲೆದ್ದಿತು. ಆಗ ಅದೇ ಲೈನಿನಲ್ಲಿ ಮೇಡಂ ಅವರ ದನಿ ಕೇಳಿಸಿತು. ಮೇಲಿದ್ದ ಅಳಿಯನಿಗೂ ಕೇಳಲಿ ಎಂದು ವಾಕಿಟಾಕಿಯಲ್ಲೇ ಕೇಳುತ್ತಿದ್ದರು. ನಡುವೆ ಮಾತು ನಿಲ್ಲಿಸಿದಿರಲ್ಲ, ಯಾಕೆ ಎಂದು ಅವರ ಪ್ರಶ್ನೆ.

"ಮ್ಯಾನ್ ಮೇಡಂ," ಎಂದ ತಮ್ಮ. "ಮ್ಯಾನ್ ಈಸ್ ಕಮಿಂಗ್ ದೇರ್. ಸೋ ಐ ಆಮ್ ನಾಟ್ ಟಾಕಿಂಗ್." ಮತ್ತೆ ಶುರುಮಾಡಿದಾಗ, ಸೈಟಿಗೆ ಹೊಸದಾಗಿ ಬಂದ ಕೆಲಸಗಾರನಿಗೆ ಮೊದಲ ದಿನ ಹೇಳುವ ಹಾಗೆ, ಒಂದೊಂದೇ ಮಾತು ಇಟ್ಟ. "ಎವ್ರಿ ಡೇ, ಮೇಡಂ. ಐ ಟಾಕ್, ಇಟ್ ಕಮ್ಸ್. ಐ ಡೋಂಟ್ ಟಾಕ್, ಇಟ್ ಡಸ್ ನಾಟ್ ಕಮ್."

"ಎಸ್ಸು ಬಿಟ್ಟ!" ಎಂದು ಅಕ್ಕ ಕಾವಲುಗಾರನ ಕೈಯನ್ನು ಮೇಜಿಗೆ ಕುಟ್ಟಿದಳು. "ಕೇಳಿದ್ರಾ? ಕಮ್ಸಿಗೆ ಹಾಕಿದ, ಡಸ್ ಬಂದ ಮೇಲೆ ಬಿಟ್ಟ! ಒಂದೇ ಮನೇಲಿ ಊಟ!"

"ಊಟಾನಾ?" ಎಂದ ಕಾವಲುಗಾರ ಊಟದ ಡಬ್ಬಿಯ ಕಡೆ ನೋಡಿ. "ಅದು ನಿಮ್ಮ ತಮ್ಮಂದಲ್ವಾ ಅಮ್ಮಾ? ನನ್ನ ಕೈ ಬಿಟ್ರೆ ಕೊಟ್ಟು ಬರ್ತೀನಿ."

*

ಸಂಜೆ ಅಂಗಳದಲ್ಲಿ ಸದ್ದಾದಾಗ ಅಕ್ಕ ಬಾಲ್ಕನಿಯಲ್ಲೇ ಇದ್ದಳು, ಬಟ್ಟೆ ಮಡಚುವ ನೆಪ ಮಾಡಿಕೊಂಡು. ತಮ್ಮ ಕೆಳಗೆ ನಿಂತು ಖಾಲಿ ಡಬ್ಬಿಯನ್ನು ಎತ್ತಿ ತೋರಿಸಿದ.

"ಡಬ್ಬಿ ತಲುಪಿತ್ತು. ಉಪ್ಪು ಜಾಸ್ತಿ ಇತ್ತು."

"ಸಿಟ್ಟಲ್ಲಿ ಹಾಕಿದ್ದು. ಏನಂದ್ರು ಮೇಡಂ?"

"ಕೋಣೇಲಿ ಕೂತು ಆಡಿದ ಮಾತು ಇನ್ನೂ ಸುಧಾರಿಸ್ಬೇಕಂತೆ. ಕೊಕ್ಕೆ ಕೆಳಗೆ ಆಡಿದ್ದು ಸಾಕಂತೆ. ಇರಿ ಇಲ್ಲೇ ಅಂದ್ರು."

ಪಕ್ಕದ ಕಿಟಕಿಯೊಳಗೆ ಯಾರೋ ಚಪ್ಪಾಳೆ ಹೊಡೆದರು. ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ. ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು.

"ಆ ಹೊತ್ತು ಸುಮ್ನಾದೆಯಲ್ಲ. ಯಾರು ಬಂದದ್ದು?"

"ಪೇಂಟಿನವನು. ಹೆಗಲ ಮೇಲೆ ಹೊತ್ತ ಏಣಿಯೊಳಗೆ ತಲೆ ತೂರಿಸ್ಕೊಂಡು, ಹಾಡು ಹೇಳ್ಕೊಂಡು, ಸೀದಾ ಟ್ಯಾಂಕಿನ ಕೆಳಗೆ. ನೀನು ಕಲಿಸಿದ ಟ್ರೈಯಿಂಗು ನಾಲಿಗೆ ತುದಿಗೇ ಬಂದಿತ್ತಕ್ಕ. ನುಂಗಿದೆ." ಅವನು ಹೆಲ್ಮೆಟ್ಟಿನ ಪಟ್ಟಿ ಕೆರೆದುಕೊಂಡ. "ಗೇಟಿನ ತಾತ ಹೇಳಿದ, ನೀನೂ ಏನೋ ನುಂಗಿದೆಯಂತೆ."

"ಅವನ ಕೈಗೆ ಏನೂ ಆಗಿಲ್ಲ ತಾನೇ?"

"ಬಳೆ ಗುರುತು ಮೂಡಿದೆ. ಎಲ್ಲರಿಗೂ ತೋರಿಸ್ಕೊಂಡು ಓಡಾಡ್ತಿದ್ದಾನೆ."

ಅಕ್ಕ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಕಂಬಿಯ ಮೇಲೆ ಬೋರಲಾಗಿದ್ದ ಬಕೆಟ್ಟನ್ನು ತಿರುವಿ, ಹಗ್ಗದ ಗಂಟು ನೋಡಿ, ಆಚೆ ತೂಗುಬಿಟ್ಟಳು. "ಡಬ್ಬಿ ಹಾಕು. ಹೇಳ್ತಾ ಇರು."

"ಬಕೆಟ್ ಈಸ್ ಕಮಿಂಗ್," ಎಂದ ತಮ್ಮ. "ಕಮಿಂಗ್, ಕಮಿಂಗ್, ಕಮಿಂಗ್..."

ಮೆಟ್ಟಿಲ ಬಾಗಿಲಿನಿಂದ ಕಿಟಕಿಮನೆಯಾಕೆ, ಚಪ್ಪಾಳೆ ಹೊಡೆದವಳೇ, ಕಸದ ಬುಟ್ಟಿ ಹಿಡಿದು ಅಂಗಳಕ್ಕೆ ಬಂದಳು. ಇವರಿಬ್ಬರನ್ನೂ ನೋಡದೆ, ಬುಟ್ಟಿಯೊಳಗೆ ಬಿದ್ದುಹೋದ ಏನನ್ನೋ ಹುಡುಕುತ್ತ ಬಾಲ್ಕನಿಯ ಕೆಳಗೇ ನಿಂತುಬಿಟ್ಟಳು.

ತಮ್ಮ ಬಾಯಿ ಮುಚ್ಚಿದ.

ಬಕೆಟ್ ಆಕೆಯ ತಲೆಯಿಂದ ಒಂದು ಮೊಳ ಮೇಲೆ ನಿಂತಿತು. ಮೇಲಿನಿಂದ ಒಂದು ಮಾತೂ ಬರಲಿಲ್ಲ. ಆಕೆ ಬುಟ್ಟಿಯೊಳಗಿಂದ ಒಂದು ಚಮಚ ತೆಗೆದು, ಒರೆಸಿ, ಸೆರಗಿಗೆ ಸಿಕ್ಕಿಸಿಕೊಂಡು ಗೇಟಿನ ಕಡೆ ಹೋದಳು. ಅಷ್ಟು ಹೊತ್ತೂ ಬಕೆಟ್ ಹಗ್ಗದ ತುದಿಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿ, ಮತ್ತೆ ಬಿಚ್ಚಿಕೊಂಡು, ಅಲ್ಲೇ ಕಾಯುತ್ತಿತ್ತು.